ಗೋಡೆಯಾಚೆಯ ಮಾತು

ಮನೆಗೊಂದು ದೇವರ ಜಗಲಿ ಇರುವಂತೆ ಈಗ ಮನೆಗೊಂದು ರೌಟರು ಇರುತ್ತದೆ. ನಮ್ಮ ಕಡೆ ಅದನ್ನು ರೌಟರೆಂದು ಕರೆಯುವವರು ಕಡಿಮೆ. ‘ವೈಫೈ ಡಬ್ಬಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಗೋಡೆಯ ಮೊಳೆಗೆ ಜೋತುಬಿದ್ದು, ಎರಡೋ ನಾಲ್ಕೋ ಕೋಡುಗಳನ್ನು ಮೇಲೆತ್ತಿಕೊಂಡು, ಹಗಲಿರುಳೂ ಹಸಿರು ದೀಪವನ್ನು ಮಿಣುಕಿಸುತ್ತಿರುವ ಈ ಡಬ್ಬಿಗೆ ನಿತ್ಯಪೂಜೆಯಿಲ್ಲ. ಅದು ಮುನಿದ ದಿನ ಮಾತ್ರ ಮನೆಮಂದಿಯೆಲ್ಲ ಅದರ ಮುಂದೆ ನಿಲ್ಲುತ್ತಾರೆ. ಮಗ ಕೋಡನ್ನು ತಿರುವುತ್ತಾನೆ, ಮಗಳು ಅದರ ತಲೆಯ ಮೇಲೆ ತಟ್ಟುತ್ತಾಳೆ, ಮನೆಯಾಕೆ ‘ಅದಕ್ಕ ಧೂಳ ಕುಂತೈತಿ’ ಎಂದು ಸೆರಗಿನಿಂದ ಒರೆಸುತ್ತಾಳೆ. ಕಂಪನಿಗೆ ಫೋನು ಹಚ್ಚಿದರೆ ಅತ್ತಲಿಂದ ಬರುವ ಮಂತ್ರ ಒಂದೇ: ‘ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ ಸರ್.’

ಈ ಮಂತ್ರವನ್ನು ನಾನು ಹಗುರಾಗಿ ಕಾಣಲಾರೆ. ಅದು ಎಷ್ಟೋ ಸಲ ಫಲಿಸುತ್ತದೆ. ಡಬ್ಬಿಯೊಳಗೆ ಇರುವುದೂ ಒಂದು ಚಿಕ್ಕ ಗಣಕಯಂತ್ರವೇ. ಆರಿಸಿ ಹೊತ್ತಿಸಿದಾಗ ಅದರ ನೆನಪಿನಲ್ಲಿ ತುಂಬಿದ ಕಸವೆಲ್ಲ ಬರಿದಾಗಿ, ಅದು ಹೊಸದಾಗಿ ಕೆಲಸಕ್ಕೆ ತೊಡಗುತ್ತದೆ. ಆದರೆ ರೋಗ ಹೋಗುವುದು ಬೇರೆ, ರೋಗ ಯಾವುದೆಂದು ತಿಳಿಯುವುದು ಬೇರೆ. ಹೆಸರು ತಿಳಿಯದ ರೋಗ ಹೇಳದೆ ಮರಳಿ ಬರುತ್ತದೆ. ನಮ್ಮ ಮನೆಯಲ್ಲಿ ಅದು ಮಂಗಳವಾರ, ಶುಕ್ರವಾರಗಳ ಸಂಜೆ ಬಂದರೆ ಬಹಳ ಸಂಕಟವಾಗುತ್ತಿತ್ತು. ಏಕೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನಾನು ಹಾವೇರಿಯಲ್ಲಿ ಕನ್ನಡ ಪಾಠ ಹೇಳುವವನು, ಮನೆ ರಾಣೆಬೆನ್ನೂರಿನಲ್ಲಿ. ಅಜ್ಜನ ಕಾಲದ ಮನೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅಡಿಗೆಮನೆ, ಕೊನೆಗೆ ಹಿತ್ತಲ ಕಡೆಯ ಕೋಣೆ. ಗೋಡೆಗಳು ಮಣ್ಣಿನವು, ಮೊಳಕ್ಕಿಂತ ದಪ್ಪ. ಹಿತ್ತಲ ಕೋಣೆ ನಮ್ಮ ಅಪ್ಪನದು. ಸುತ್ತಲಿನ ಹಳ್ಳಿಯ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಸೋತವು, ಮಾತೂ ಸಿಕ್ಕಿಕೊಂಡಿತು. ಕೊಡವನ್ನು ಕಂಡರೆ ಅದು ನೀರು ತುಂಬುವ ವಸ್ತುವೆಂದು ಬಲ್ಲರು. ಹೆಸರು ಮಾತ್ರ ನಾಲಗೆಗೆ ಬಾರದು. ಡಾಕ್ಟರರು ಇದನ್ನು ಅಫೇಸಿಯಾ ಎನ್ನುತ್ತಾರೆ. ಅರಿವು ಕೆಡುವುದಿಲ್ಲ, ಅರಿವಿನಿಂದ ಮಾತಿಗೆ ಇರುವ ಹಾದಿ ಕೆಡುತ್ತದೆ.

ಮೈಸೂರಿನ ಒಬ್ಬ ವಾಕ್ ಚಿಕಿತ್ಸಕಿ ವಾರಕ್ಕೆರಡು ಸಂಜೆ ಪರದೆಯ ಮೇಲೆ ಬಂದು ಅಪ್ಪನಿಗೆ ಚಿತ್ರಗಳನ್ನು ತೋರಿಸುತ್ತಾರೆ. ಎತ್ತು, ಕೀಲಿ, ಕೊಡ. ತೋರಿಸಿ, ಸುಮ್ಮನೆ ಕಾಯುತ್ತಾರೆ. ಈ ಕಾಯುವಿಕೆ ಚಿಕಿತ್ಸೆಯ ದೊಡ್ಡ ಪಾಲು. ಅಪ್ಪ ಕಣ್ಣು ಮುಚ್ಚಿ, ತುಟಿ ಕೂಡಿಸಿ, ಎಲ್ಲಿಂದಲೋ ಆ ಶಬ್ದವನ್ನು ಎಳೆದು ತರುತ್ತಾರೆ. ಒಂದು ಸಂಜೆ ‘ಕೊಡ’ ಎಂದು ಸ್ಪಷ್ಟವಾಗಿಯೇ ಅಂದರು. ಅದೇ ಗಳಿಗೆಗೆ ಸಂಪರ್ಕ ನಿಂತಿತ್ತು. ಪರದೆಯ ಮೇಲಿನ ಮುಖ ಕಾಯುವ ಮುಖವಾಗಿಯೇ ಉಳಿಯಿತು. ಹೂಂ ಅನ್ನಲಿಲ್ಲ, ತಲೆಯಾಡಿಸಲಿಲ್ಲ. ತಾವು ಆಡಿದ್ದು ತಪ್ಪೆಂದು ತಿಳಿದ ಅಪ್ಪ ‘ಕದ’ ಎಂದರು. ಸಂಪರ್ಕ ಮರಳಿದಾಗ ಮೈಸೂರಿಗೆ ಮುಟ್ಟಿದ್ದು ಆ ಎರಡನೆಯ ಶಬ್ದ. ಆಕೆ ಮೆಲ್ಲಗೆ ‘ಇನ್ನೊಮ್ಮೆ ನೋಡಿ ಅಜ್ಜಾರೆ’ ಎಂದರು. ಅಪ್ಪ ಎಡಗೈಯಿಂದ ಪರದೆಯನ್ನು ಆಚೆಗೆ ಸರಿಸಿ, ತಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡು ನನ್ನ ಮುಖ ನೋಡಿದರು. ಕೆಟ್ಟದ್ದು ಇದೋ, ಅದೋ ಎಂಬುದು ಅವರ ಪ್ರಶ್ನೆ.

ಪಡಸಾಲೆಗೆ ಬಂದು ಕುಳಿತರೆ ಸಂಪರ್ಕ ಚೆನ್ನಾಗಿಯೇ ಇರುತ್ತದೆ. ಆದರೆ ಅಲ್ಲಿ ಬಂದವರು ಹೋದವರು ಇರುತ್ತಾರೆ. ಊರಿನ ಅರ್ಧ ಮಂದಿಗೆ ಅಕ್ಷರ ಕಲಿಸಿದ ಮಾಸ್ತರರು ಅವರೆದುರಿಗೆ ‘ಎತ್ತು’ ಎನ್ನಲು ತಡಕಾಡಲಾರರು. ಡಬ್ಬಿಯನ್ನು ರಿಪೇರಿ ಮಾಡುವುದೊಂದೇ ದಾರಿ.

ಎಂ.ಎ. ತರಗತಿಯಲ್ಲಿ ನಾವು ಗ್ರಂಥಸಂಪಾದನೆಯನ್ನು ಓದಿದೆವು. ಒಂದು ಪದ್ಯದಲ್ಲಿ ದೋಷ ಕಂಡರೆ ಕವಿಯನ್ನು ಬೈಯುವ ಮೊದಲು ಓಲೆಗರಿಗಳನ್ನು ಹೋಲಿಸಿ ನೋಡು, ಯಾವ ಪ್ರತಿಯಲ್ಲಿ, ಯಾವ ಲಿಪಿಕಾರನ ಕೈಯಲ್ಲಿ ತಪ್ಪು ಹೊಕ್ಕಿತೆಂಬುದನ್ನು ಹಿಡಿ ಎಂದು ಗುರುಗಳು ಹೇಳುತ್ತಿದ್ದರು. ರೌಟರಿನ ಶುಶ್ರೂಷೆಗೆ ಈ ಶಾಸ್ತ್ರ ಇಷ್ಟು ಒದಗೀತೆಂದು ಅವರೂ ಎಣಿಸಿರಲಾರರು. ಬೀದಿಯ ಕಂಬದಿಂದ ಮನೆಗೆ ಬರುವುದು ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ಬೆಳಕು ಬಾರದಿದ್ದರೆ ಡಬ್ಬಿಯ ಮೇಲೆ ಕೆಂಪು ದೀಪ ಹೊತ್ತುತ್ತದೆ. ನಮ್ಮಲ್ಲಿ ಹೊತ್ತುತ್ತಿರಲಿಲ್ಲ. ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ರೌಟರಿಗೆ ನೇರವಾಗಿ ಜೋಡಿಸಿದೆ. ತಾಸುಗಟ್ಟಲೆ ತಡೆಯಿಲ್ಲದೆ ನಡೆಯಿತು. ಅಂದಮೇಲೆ ಬೀದಿಯ ತಪ್ಪಲ್ಲ; ತಪ್ಪು ಮನೆಯೊಳಗಿನ ಗಾಳಿಯಲ್ಲಿದೆ ಎಂದಾಯಿತು. ಆದರೂ ನಡುನಡುವೆ ಒಂದೊಂದು ದಿನ ತಂತಿಯ ಲ್ಯಾಪ್‌ಟಾಪೂ ಎರಡು ನಿಮಿಷ ಸುಮ್ಮನಾಗುತ್ತಿತ್ತು. ಇದು ಲೆಕ್ಕಕ್ಕೆ ಸಿಗಲಿಲ್ಲ.

ಲೆಕ್ಕ ಹಿಡಿದವರು ಅಪ್ಪ. ಎಡಗೈಯಿಂದ ಬರೆಯುವುದನ್ನು ರೂಢಿಸಿಕೊಳ್ಳಲು ಅವರಿಗೊಂದು ನೋಟುಬುಕ್ಕು ಕೊಟ್ಟಿದ್ದೆವು. ಸಂಪರ್ಕ ನಿಂತ ಹೊತ್ತನ್ನು ಅದರಲ್ಲಿ ಬರೆಯಿರಿ ಎಂದೆ. ಗಡಿಯಾರ ನೋಡಿ ಅಂಕಿಗಳನ್ನು ಬರೆದರು. ಎರಡು ವಾರದಲ್ಲಿ ಎರಡು ಪುಟ ತುಂಬಿತು. ನೋಡಿದರೆ ನಿಲುಗಡೆಯಲ್ಲಿ ಎರಡು ಜಾತಿ. ಒಂದು, ಕ್ಷಣಕ್ಕೊಮ್ಮೆ ಬಿಕ್ಕುವುದು. ಇದು ದಿನವೂ ಇತ್ತು, ಸಂಜೆಗೆ ಹೆಚ್ಚು. ಇನ್ನೊಂದು, ಪೂರಾ ಎರಡು ನಿಮಿಷ ನಿಂತುಬಿಡುವುದು. ಇದು ನಳ ಬಂದ ದಿನ ಮಾತ್ರ. ನಳ ಬಂದೊಡನೆ ನೀರೆತ್ತುವ ಮೋಟರನ್ನು ಹಚ್ಚುತ್ತೇವೆ. ಮೋಟರು ತಿರುಗಲು ತೊಡಗುವ ಗಳಿಗೆಯಲ್ಲಿ ತನ್ನ ಎಂದಿನ ಪಾಲಿಗಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಮನೆಯ ದೀಪಗಳೆಲ್ಲ ಒಮ್ಮೆ ಕಣ್ಣು ಮಿಟುಕಿಸುತ್ತವೆ. ಹಳತಾದ ಅಡಾಪ್ಟರಿಗೆ ಅಷ್ಟು ಸಾಕು. ರೌಟರು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಇದಕ್ಕೆ ಸಾಕ್ಷಿಯೂ ಸಿಕ್ಕಿತು. ಫೋನಿನಲ್ಲಿ 192.168.1.1 ಎಂದು ಒತ್ತಿದರೆ ಅನೇಕ ರೌಟರುಗಳ ಒಳಮನೆಯ ಬಾಗಿಲು ತೆರೆಯುತ್ತದೆ. ತಾನು ಹೊತ್ತಿಕೊಂಡು ಎಷ್ಟು ಹೊತ್ತಾಯಿತೆಂಬುದನ್ನು ಅದು ಅಲ್ಲಿ ಬರೆದುಕೊಂಡಿರುತ್ತದೆ. ನಳ ಬಂದ ದಿನ ತೆರೆದು ನೋಡಿದರೆ ಅದರ ವಯಸ್ಸು ನಾಲ್ಕು ನಿಮಿಷ!

ಉಳಿದದ್ದು ಬಿಕ್ಕುವ ರೋಗ. ಇದಕ್ಕೆ ಗೋಡೆಯನ್ನೇ ಕೇಳಬೇಕಾಯಿತು. ನಾನು ಹುಡುಗನಾಗಿದ್ದಾಗ ಇದೇ ಕೋಣೆಯಲ್ಲಿ ಅಜ್ಜನ ರೇಡಿಯೋ ಧಾರವಾಡವನ್ನು ನುಡಿಯುತ್ತಿತ್ತು. 1950ರ ಜನವರಿ 8ರಂದು ಪ್ರಾರಂಭವಾದ ಆ ನಿಲಯ ಇಲ್ಲಿಂದ ನೂರಕ್ಕೂ ಹೆಚ್ಚು ಕಿಲೋಮೀಟರು ದೂರ. ಆದರೂ ಈ ಮಣ್ಣುಗೋಡೆ ಅದಕ್ಕೆ ಅಡ್ಡಬರಲಿಲ್ಲ. ಏಕೆಂದರೆ ಅದರ ಅಲೆಗಳು ನೂರಾರು ಮೀಟರು ಉದ್ದದವು. ಗೋಡೆ ಅವಕ್ಕೆ ಲೆಕ್ಕವಲ್ಲ. ರೌಟರಿನ ಅಲೆಯಾದರೋ ಹನ್ನೆರಡು ಸೆಂಟಿಮೀಟರಿನದು, ಇನ್ನೊಂದು ಬಗೆಯದು ಅದರ ಅರ್ಧದಷ್ಟು. ಬಲವೂ ಅತ್ಯಲ್ಪ. ದಪ್ಪ ಮಣ್ಣಿನಲ್ಲಿ ಅದು ಇಂಗಿಹೋಗುತ್ತದೆ. ಮಳೆಗಾಲದಲ್ಲಿ ಗೋಡೆ ತೇವ ಹಿಡಿದರೆ ಇನ್ನೂ ಹೆಚ್ಚು. ಫೋನು ಹಿಡಿದು ಕೋಣೆ ಕೋಣೆ ಅಳೆದೆ. ಪಡಸಾಲೆಯಲ್ಲಿ ಋಣ 45, ಅಪ್ಪನ ಮಂಚದ ಬಳಿ ಋಣ 82. ಈ ಅಳತೆಯಲ್ಲಿ ಹತ್ತು ಇಳಿದರೆ ಬಲ ಹತ್ತನೆಯ ಒಂದು ಪಾಲಾಗುತ್ತದೆ. ಅಂದರೆ ಪಡಸಾಲೆಯಲ್ಲಿ ಐದು ಸಾವಿರ ಪಾಲು ಇದ್ದದ್ದು ಹಿತ್ತಲ ಕೋಣೆಗೆ ಒಂದು ಪಾಲಾಗಿ ತಲಪುತ್ತಿತ್ತು.

ಅದರ ಮೇಲೆ ನೆರೆಹೊರೆಯ ಗದ್ದಲ. ಹಿಂದೆ ರೇಡಿಯೋ ಕೇಳುವುದಕ್ಕೂ ಅಂಚೆಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಿತ್ತು. ವೈಫೈಯ 2.4 ಗಿಗಾಹರ್ಟ್ಸ್ ಹಾದಿಗೆ ಭಾರತ ಸರಕಾರ 2005ರಲ್ಲಿ ಲೈಸೆನ್ಸನ್ನೇ ತೆಗೆದುಹಾಕಿತು. ಒಳ್ಳೆಯದೇ ಆಯಿತು, ಆದರೆ ದಾರಿ ಎಲ್ಲರದೂ ಆದಮೇಲೆ ದಟ್ಟಣೆಯೂ ಎಲ್ಲರದು. ಆ ಹಾದಿಯಲ್ಲಿ ಹದಿಮೂರು ಚಾನೆಲ್ಲುಗಳಿದ್ದರೂ ಒಂದರ ಮೈಗೊಂದು ತಾಗದೆ ನಡೆಯುವಂಥವು 1, 6, 11 ಈ ಮೂರೇ. ನಮ್ಮ ಓಣಿಯಲ್ಲಿ ಸಂಜೆಗೆ ಒಂಬತ್ತು ಡಬ್ಬಿಗಳು ಮಾತಾಡುತ್ತವೆ. ಅವುಗಳ ಸಭ್ಯತೆಯನ್ನು ಮೆಚ್ಚಬೇಕು: ಇನ್ನೊಬ್ಬರು ಮಾತಾಡುತ್ತಿದ್ದರೆ ಸುಮ್ಮನಿದ್ದು, ಅವರು ಮುಗಿಸಿದ ಮೇಲೆ ತುಸು ತಡೆದು ತಾವು ತೊಡಗುತ್ತವೆ. ನಮ್ಮ ಸಭೆಗಳಲ್ಲಿ ಈ ನಿಯಮ ಬಂದಿಲ್ಲ. ಆದರೆ ಒಂಬತ್ತು ಮಂದಿ ಸಭ್ಯರು ಸೇರಿದಾಗ ಕ್ಷೀಣ ದನಿಯವನ ಸರದಿ ತಡವಾಗುತ್ತದೆ.

ಬ್ಯಾಡಗಿಯಲ್ಲಿ ನನ್ನ ಕಾಕಾನ ಮಗ ಮೆಣಸಿನಕಾಯಿ ಖರೀದಿ ವ್ಯಾಪಾರಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಕೆಂಪು ಕಾಯಿಗೆ ಈಗ ದರ ಹಾಕುವುದು ಇ-ಟೆಂಡರಿನಲ್ಲಿ; ಹೊತ್ತು ಮೀರುವುದರೊಳಗೆ ಅಂಕಿ ಮುಟ್ಟದಿದ್ದರೆ ಮಾಲು ಇನ್ನೊಬ್ಬರ ಪಾಲು. ಆದ್ದರಿಂದ ಈ ವಿಷಯದಲ್ಲಿ ಅವನ ಮಾತಿಗೆ ತೂಕವಿದೆ. ನಾನು ಚಾನೆಲ್ಲುಗಳ ವಿಚಾರ ಹೇಳತೊಡಗಿದರೆ ಅವನು ನಕ್ಕ: ‘ಅಣ್ಣಾರ, ಗ್ವಾಡಿ ಜೋಡಿ ಜಗಳಾಡಬ್ಯಾಡ್ರಿ. ಓಡ್ಯಾಡೋರಿಗೆ ಗಾಳಿ, ಕುಂತೋರಿಗೆ ತಂತಿ.’

ಹಾಗೆಯೇ ಮಾಡಿದೆವು. ಅಡಿಗೆಮನೆಯ ಬೆಳಕಿಂಡಿಯ ಹಾದಿಯಲ್ಲಿ ಇಪ್ಪತ್ತೈದು ಮೀಟರು ತಂತಿ ಎಳೆದು—ಈ ಜಾತಿಯ ತಂತಿ ನೂರು ಮೀಟರಿನವರೆಗೂ ನಡೆಯುತ್ತದೆ—ಹಿತ್ತಲ ಕೋಣೆಯಲ್ಲಿ ಎರಡನೆಯ ಡಬ್ಬಿಯನ್ನು ಕೂಡಿಸಿದೆವು. ಅದಕ್ಕೆ ಓಣಿಯಲ್ಲಿ ಜನ ಕಡಿಮೆಯಿದ್ದ ಚಾನೆಲ್ಲು. ಎರಡಕ್ಕೂ ಹೊಸ ಅಡಾಪ್ಟರು, ಒಂದೊಂದು ಸಣ್ಣ ಬ್ಯಾಟರಿ. ಮೋಟರು ಹಚ್ಚಿ ನೋಡಿದೆವು. ದೀಪ ಮಿಟುಕಿತು, ಡಬ್ಬಿ ಮಿಟುಕಲಿಲ್ಲ.

ಡಬ್ಬಿ ಸರಿಹೋಯಿತೆಂದು ಅಪ್ಪನ ಮಾತು ಸರಿಹೋಗಲಿಲ್ಲ. ಅದು ಬೇರೆಯೇ ಹಾದಿ, ಅದಕ್ಕೆ ತಿಂಗಳುಗಳು ಬೇಕು, ವರ್ಷವೂ ಬೇಕಾದೀತು. ಆದರೆ ಈಗ ಪರದೆಯ ಮೇಲಿನ ಮುಖ ಸುಮ್ಮನಿದ್ದರೆ ಅದು ನಿಂತ ಮುಖವಲ್ಲ, ಕಾಯುತ್ತಿರುವ ಮುಖವೆಂಬುದು ಅವರಿಗೆ ಖಾತ್ರಿಯಾಗಿದೆ. ತಡವಾದರೆ ಆ ತಡ ತಮ್ಮದೆಂದು ಬಲ್ಲರು. ತಮ್ಮದಾದ್ದರಿಂದ ಗಾಬರಿಯಿಲ್ಲದೆ ಅದರಲ್ಲಿ ಕೂಡುತ್ತಾರೆ. ಹೋದ ಶುಕ್ರವಾರ ಎತ್ತಿನ ಚಿತ್ರಕ್ಕೆ ಅರ್ಧ ನಿಮಿಷ ತೆಗೆದುಕೊಂಡು, ಎತ್ತು ಎನ್ನದೆ, ನಮ್ಮ ಮನೆಯಲ್ಲಿ ಹಿಂದೆ ಇದ್ದ ಎತ್ತಿನ ಹೆಸರನ್ನು ಹೇಳಿದರು. ಮೈಸೂರಿನ ಆಕೆಗೆ ಅದು ಅರ್ಥವಾಗಲಿಲ್ಲ. ನಾನು ಅರ್ಥ ಹೇಳಿದೆ. ಅದಕ್ಕೆ ಆಕೆ ಪೂರ್ತಿ ಅಂಕ ಕೊಟ್ಟರು.