ನಷ್ಟದ ವರ್ಷದ ಲೆಕ್ಕ

ಏಳುಬೀಳು ಸಹಜವೆಂದು ಎಲ್ಲರೂ ಹೇಳುತ್ತಾರೆ. ಬಿದ್ದವನನ್ನು ಅಳೆಯುವಾಗ ಮಾತ್ರ ಆ ಮಾತು ಮರೆತುಹೋಗುತ್ತದೆ. ಸಾಗರವಿರುವ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲೇ 1949ರಲ್ಲಿ ಜನಿಸಿದ ಕ್ರಿಕೆಟ್ ಆಟಗಾರ ಜಿ. ಆರ್. ವಿಶ್ವನಾಥರ ಬಾಳು ಇಲ್ಲಿ ಸ್ಮರಣೀಯ.

1969ರಲ್ಲಿ, ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಅವರು ಸೊನ್ನೆಗೆ ಔಟಾಗಿ, ಎರಡನೆಯ ಇನ್ನಿಂಗ್ಸಿನಲ್ಲಿ 137 ರನ್ ಗಳಿಸಿದರು. 1982ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ 222 ರನ್ ಬಂದವು. ಅದೇ ಡಿಸೆಂಬರಿನಲ್ಲಿ ಆರಂಭವಾದ ಪಾಕಿಸ್ತಾನದ ಸರಣಿಯಲ್ಲಾದರೋ, ಆರು ಟೆಸ್ಟುಗಳಿಂದ ಕೇವಲ 134. ಇಮ್ರಾನ್ ಖಾನ್ 40 ವಿಕೆಟ್ ಪಡೆದ ಆ ಸರಣಿಯಲ್ಲಿ ಭಾರತ 3–0 ಅಂತರದಿಂದ ಸೋತಿತು. 1983ರ ಆರಂಭದ ಕರಾಚಿ ಪಂದ್ಯವೇ ವಿಶ್ವನಾಥರ ಕೊನೆಯ ಟೆಸ್ಟಾಯಿತು.

ಆದರೆ ಒಂದು ನಷ್ಟದ ವರ್ಷವನ್ನು ನೋಡಿ ವರ್ತಕನ ಇಡೀ ಖಾತೆಯನ್ನು ಯಾರೂ ತೀರ್ಮಾನಿಸರು. 1980ರ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ನಾಯಕರಾಗಿದ್ದ ಅವರು, ಅಂಪೈರ್ ಔಟೆಂದು ಘೋಷಿಸಿದ್ದ ಇಂಗ್ಲೆಂಡಿನ ಬಾಬ್ ಟೇಲರರನ್ನು, ನಿಜವಾಗಿ ಔಟಾಗಿಲ್ಲವೆಂದು ಮರಳಿ ಕರೆಸಿದರು. ಟೇಲರ್ ಬೋಥಮರೊಡನೆ ಆಟ ಬೆಳೆಸಿದರು; ಭಾರತ ಸೋತಿತು. ಆ ಪ್ರಾಮಾಣಿಕತೆ ರನ್ನುಗಳ ಪಟ್ಟಿಯಲ್ಲಿ ಕಾಣದು. ರನ್ನುಗಳು ಬತ್ತಿದಾಗ ಅದು ಬತ್ತಲೂ ಇಲ್ಲ. ಟೆಸ್ಟಿನ ಬಾಗಿಲು ಮುಚ್ಚಿದ ಮೇಲೂ ಅವರು 1987–88ರವರೆಗೆ ಕರ್ನಾಟಕಕ್ಕಾಗಿ ಆಡಿದರು.

ಪರೀಕ್ಷೆಯಲ್ಲಿ ಹಿಂದುಳಿದ ಮಗುವನ್ನು, ವ್ಯಾಪಾರದಲ್ಲಿ ಸೋತ ಸೋದರನನ್ನು ಅಳೆಯುವ ಮುನ್ನ ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಳೆದದ್ದು ಗಳಿಕೆಯೋ, ಗುಣವೋ? ಗಳಿಕೆ ಮರಳಿ ಬಾರದೆ ಹೋಗಬಹುದು. ಗುಣ ಉಳಿದಿದ್ದರೆ ಮೂಲಧನ ಉಳಿದಂತೆಯೇ.