ಜಾಲ ಹುಟ್ಟಿದ ಪಡಸಾಲೆ

ಜಿನೀವಾ ನಗರದ ರೈಲು ನಿಲ್ದಾಣದ ಎದುರು ಟ್ರಾಮ್ ಹತ್ತಿ ಕುಳಿತರೆ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಅದರ ಕೊನೆಯ ನಿಲ್ದಾಣ ಬರುತ್ತದೆ. ಅದರ ಹೆಸರು ಸೆರ್ನ್. ಇಳಿದ ಕೂಡಲೇ ಕಣ್ಣಿಗೆ ಬೀಳುವುದು 27 ಮೀಟರ್ ಎತ್ತರದ ಮರದ ಗೋಳ. ಹಿಂದೆ ಜೂರಾ ಬೆಟ್ಟಸಾಲು. ಆಕಾಶ ತಿಳಿಯಾಗಿದ್ದರೆ ಇನ್ನೊಂದು ದಿಕ್ಕಿನಲ್ಲಿ ಮಾಂಟ್ ಬ್ಲಾಂಕ್‌ನ ಹಿಮ. ಫ್ರಾನ್ಸಿನ ಗಡಿ ಕೂಗಳತೆಯ ದೂರದಲ್ಲಿದೆ.

1954ರಲ್ಲಿ ಸ್ಥಾಪನೆಯಾದ ಈ ಸಂಶೋಧನಾಲಯವನ್ನು ಜನ ಬಲ್ಲದ್ದು ನೆಲದಡಿ ಸುಮಾರು 100 ಮೀಟರ್ ಆಳದಲ್ಲಿರುವ, 27 ಕಿಲೋಮೀಟರ್ ಸುತ್ತಳತೆಯ ಕಣ ವೇಗವರ್ಧಕದಿಂದ. ಆದರೆ ಕಂಪ್ಯೂಟರ್ ವಿದ್ಯಾರ್ಥಿಗಳ ಪಾಲಿಗೆ ಇಲ್ಲಿನ ತೀರ್ಥಸ್ಥಳ ಬೇರೆ. ಸರ್ಕಾರಿ ಕಚೇರಿಯಂತೆ ಕಾಣುವ ಹಳೆಯ ಕಟ್ಟಡವೊಂದರ ಉದ್ದನೆಯ ಪಡಸಾಲೆ, ಇಬ್ಬದಿಗೆ ಕೊಠಡಿಗಳು, ಗೋಡೆಯ ಮೇಲೊಂದು ಫಲಕ. ವರ್ಲ್ಡ್ ವೈಡ್ ವೆಬ್ ರೂಪುಗೊಂಡದ್ದು ಇಲ್ಲಿ ಎಂದು ಅದು ಹೇಳುತ್ತದೆ.

ಇಲ್ಲಿ ಕೆಲಸಕ್ಕಿದ್ದ ಟಿಮ್ ಬರ್ನರ್ಸ್-ಲೀ ಅವರನ್ನು ಕಾಡಿದ್ದು ತೀರ ದಿನಬಳಕೆಯ ತೊಂದರೆ. ಬೇರೆ ಬೇರೆ ದೇಶಗಳಿಂದ ಬಂದ ವಿಜ್ಞಾನಿಗಳು, ಒಂದಕ್ಕೊಂದು ಹೊಂದದ ಕಂಪ್ಯೂಟರ್‌ಗಳು. ಒಬ್ಬರು ಕೆಲಸ ಮುಗಿಸಿ ಊರಿಗೆ ಹೋದರೆ ಅವರ ತಿಳಿವಳಿಕೆಯೂ ಅವರೊಡನೆ ಹೊರಟುಹೋಗುತ್ತಿತ್ತು. 1989ರ ಮಾರ್ಚ್‌ನಲ್ಲಿ ಅವರು ಇದಕ್ಕೆ ಪರಿಹಾರ ಸೂಚಿಸಿ ಬರೆದ ಪ್ರಸ್ತಾವದ ಮೇಲೆ ಮೇಲಧಿಕಾರಿ ಮೈಕ್ ಸೆಂಡಾಲ್ ಹಾಕಿದ ಷರಾ: ಅಸ್ಪಷ್ಟ, ಆದರೆ ಕುತೂಹಲಕರ. 1990ರ ಕೊನೆಯ ಹೊತ್ತಿಗೆ ಮೊದಲ ಸರ್ವರ್ ನಡೆಯುತ್ತಿತ್ತು. ಆ ನೆಕ್ಸ್ಟ್ ಕಂಪ್ಯೂಟರ್‌ಗೆ, ಇದು ಸರ್ವರ್, ಆರಿಸಬೇಡಿ ಎಂಬರ್ಥದ ಕೈಬರಹದ ಚೀಟಿ ಅಂಟಿಸಲಾಗಿತ್ತು. ಯಾರಾದರೂ ಗುಂಡಿ ಒತ್ತಿಬಿಟ್ಟಿದ್ದರೆ ಜಗತ್ತಿನ ಇಡೀ ವೆಬ್ ಆ ಕ್ಷಣಕ್ಕೆ ಇಲ್ಲವಾಗುತ್ತಿತ್ತು!

ಯಾವ ಉಪಕರಣ ಒಳ್ಳೆಯದು ಎಂಬ ಇಂದಿನ ವಾದದ ಬೀಜವೂ ಇದೇ ಪಡಸಾಲೆಯಲ್ಲಿದೆ. ನೆಕ್ಸ್ಟ್ ಯಂತ್ರದಲ್ಲಿ ಕಿಟಕಿ, ಗುಂಡಿ, ಪಟ್ಟಿಗಳು ಸಿದ್ಧ ತುಣುಕುಗಳಾಗಿ ಸಿಗುತ್ತಿದ್ದವು. ಹಾಗಾಗಿಯೇ ಮೊದಲ ಬ್ರೌಸರ್ ಸುಮಾರು ಎರಡು ತಿಂಗಳಲ್ಲಿ ತಯಾರಾಯಿತು. ಅದರಲ್ಲಿ ಪುಟಗಳನ್ನು ಓದುವುದಷ್ಟೇ ಅಲ್ಲ, ಬರೆಯಲೂ ಬರುತ್ತಿತ್ತು. ಒಳ್ಳೆಯ ಉಪಕರಣ ಬೇಕು ಎನ್ನುವವರಿಗೆ ಇದು ಬಲವಾದ ಸಾಕ್ಷಿ. ಆದರೆ ನೆಕ್ಸ್ಟ್ ಇದ್ದದ್ದು ಎಷ್ಟು ಜನರ ಬಳಿ? ಆಗ ಬಂದವರು ನಿಕೋಲಾ ಪೆಲ್ಲೋ, ಗಣಿತದ ವಿದ್ಯಾರ್ಥಿನಿ. ಅವರು ಬರೆದ ಬ್ರೌಸರ್‌ನಲ್ಲಿ ಚಿತ್ರವಿಲ್ಲ, ಮೌಸ್ ಇಲ್ಲ. ಬರಿಯ ಅಕ್ಷರ, ಬೇಕಾದ ಕೊಂಡಿಯ ಸಂಖ್ಯೆ ಒತ್ತಿದರೆ ಮುಂದಿನ ಪುಟ. ನೋಡಲು ಸಪ್ಪೆ. ಆದರೆ ಅದು ಹೆಚ್ಚುಕಡಿಮೆ ಎಲ್ಲ ಬಗೆಯ ಯಂತ್ರಗಳಲ್ಲೂ ನಡೆಯುವಂತಿತ್ತು. ಸೆರ್ನ್‌ನ ಆಚೆಗೆ ವೆಬ್ ಹರಡಲು ನೆರವಾದದ್ದು ಆ ಸಪ್ಪೆ ಬ್ರೌಸರ್.

ಇಂದು ನಮ್ಮ ಇಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ರಾತ್ರಿ ಚಹಾದ ಹೊತ್ತಿಗೆ ಇದೇ ಚರ್ಚೆ. 2013ರಲ್ಲಿ ಬಂದ ರಿಯಾಕ್ಟ್ ಕಲಿತರೆ ಸಾಕು, ಕೆಲಸ ಖಂಡಿತ ಎಂದು ಒಬ್ಬ ಹೇಳುತ್ತಾನೆ. ಮೊದಲು ಕೈಯಾರೆ ಎಚ್‌ಟಿಎಂಎಲ್ ಬರೆ ಎನ್ನುತ್ತಾಳೆ ಇನ್ನೊಬ್ಬಳು. ಎಲ್ಲವನ್ನೂ ಕೃತಕ ಬುದ್ಧಿಮತ್ತೆಯೇ ಬರೆದುಕೊಡುವಾಗ ಕಲಿಯುವುದಾದರೂ ಏಕೆ ಎಂಬುದು ಮೂರನೆಯವನ ಪ್ರಶ್ನೆ. ಅತ್ತ ಮನೆಯಲ್ಲಿ ತಂದೆತಾಯಿಗೆ ಬೇರೆ ಚಿಂತೆ: ತರಬೇತಿ ಕೇಂದ್ರಕ್ಕೆ ಕಟ್ಟುವ ಸಾವಿರಾರು ರೂಪಾಯಿ ನಾಲ್ಕು ವರ್ಷದ ಮೇಲೂ ಉಪಯೋಗಕ್ಕೆ ಬಂದೀತೆ?

ಅವರ ಅಳುಕಿಗೆ ಕಾರಣವಿಲ್ಲದಿಲ್ಲ. ಒಂದು ಕಾಲದಲ್ಲಿ ಫ್ಲ್ಯಾಶ್ ಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ. 2020ರ ಡಿಸೆಂಬರ್‌ಗೆ ಅದರ ಬೆಂಬಲವೇ ನಿಂತುಹೋಯಿತು. ಆದರೆ 1991ರಲ್ಲಿ ಇಲ್ಲಿ ಬರೆದಿಟ್ಟ ಎಚ್‌ಟಿಎಂಎಲ್ ಪಟ್ಟಿಯಲ್ಲಿ ಇದ್ದದ್ದು ಹದಿನೆಂಟೇ ಗುರುತುಗಳು. ಅವುಗಳಲ್ಲಿ ಶೀರ್ಷಿಕೆ, ಪ್ಯಾರಾ, ಪಟ್ಟಿ, ಕೊಂಡಿ ಇವೆಲ್ಲ ಇಂದಿಗೂ ಪ್ರತಿಯೊಂದು ಪುಟದ ಕೆಳಗೆ ಅಡಿಗಲ್ಲಾಗಿ ಕುಳಿತಿವೆ. ಯಾವ ಹೊಸ ಉಪಕರಣವೂ ಕೊನೆಗೆ ಬ್ರೌಸರ್‌ಗೆ ಅರ್ಥವಾಗುವ ಭಾಷೆಗೇ ಇಳಿಯಬೇಕು. ತಳ ಗೊತ್ತಿದ್ದವರಿಗೆ ಉಪಕರಣ ಬದಲಾದರೆ ಕೆಲವು ತಿಂಗಳ ಶ್ರಮ. ಗೊತ್ತಿಲ್ಲದವರಿಗೆ ಪ್ರತಿ ಸಲವೂ ಮೊದಲಿನಿಂದ ಶುರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಯಂತ್ರ ಬರೆದುಕೊಟ್ಟದ್ದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಲೂ ತಿಳಿದವರೇ ಬೇಕು.

ಕನ್ನಡದ ಅನುಭವವೂ ಇದನ್ನೇ ಹೇಳುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಕನ್ನಡದ ತಾಣಗಳು ತಮ್ಮ ತಮ್ಮದೇ ಅಕ್ಷರಶೈಲಿ ಬಳಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತಿತ್ತು. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. 1997ರ ಎಚ್‌ಟಿಎಂಎಲ್ 4 ಆ ವ್ಯವಸ್ಥೆಯನ್ನು ಒಪ್ಪಿಕೊಂಡಿತು. ಎಲ್ಲರೂ ಅದಕ್ಕೆ ಒಗ್ಗಿದ ಮೇಲಷ್ಟೇ ಕನ್ನಡದ ಪುಟ ಯಾವ ಮೊಬೈಲ್‌ನಲ್ಲಾದರೂ ತೆರೆಯುವಂತಾಯಿತು. ಮಾನದಂಡ ಪಾಲಿಸುವುದು ಎಂದರೆ ಓದುವವರನ್ನು ಹೊರಗೆ ನಿಲ್ಲಿಸದಿರುವುದು.

ಸೆರ್ನ್‌ನ ಇನ್ನೊಂದು ದಿನಾಂಕವನ್ನೂ ನೆನೆಯಬೇಕು. 1993ರ ಏಪ್ರಿಲ್ 30ರಂದು ಸಂಸ್ಥೆ ವೆಬ್‌ನ ತಂತ್ರಾಂಶವನ್ನು ಶುಲ್ಕವಿಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಹೀಗಾಗಿ ಪುಟ ಕಟ್ಟಲು ಕಲಿಯುವ ಹುಡುಗಿ ಇಂದಿಗೂ ಯಾರಿಗೂ ಪರವಾನಗಿ ಹಣ ಕೊಡಬೇಕಿಲ್ಲ. ಸಾಧಾರಣ ಕಂಪ್ಯೂಟರ್, ಅಕ್ಷರ ಬರೆಯುವ ಸರಳ ತಂತ್ರಾಂಶ ಮತ್ತು ಬ್ರೌಸರ್ ಇದ್ದರೆ ಆರಂಭಕ್ಕೆ ಧಾರಾಳ. ದುಬಾರಿ ಲ್ಯಾಪ್‌ಟಾಪ್, ದುಬಾರಿ ಕೋರ್ಸು ಬೇಕೇ ಬೇಕೆಂದಲ್ಲ.

ಇಲ್ಲಿಗೆ ಬರುವವರು ಫಲಕವಿರುವ ಕಟ್ಟಡಕ್ಕೆ ಸುಮ್ಮನೆ ನುಗ್ಗುವಂತಿಲ್ಲ. ಒಳಾವರಣಕ್ಕೆ ಅನುಮತಿ ಬೇಕು. ಅಲ್ಲಿ ಭಾರತ ಸರ್ಕಾರ ಕಾಣಿಕೆ ಕೊಟ್ಟ, 2004ರ ಜೂನ್‌ನಲ್ಲಿ ಅನಾವರಣಗೊಂಡ ಎರಡು ಮೀಟರ್ ಎತ್ತರದ ನಟರಾಜನೂ ಇದ್ದಾನೆ. ಮರದ ಗೋಳದ ಎದುರಿಗೆ 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಸೈನ್ಸ್ ಗೇಟ್‌ವೇ ವಸ್ತುಪ್ರದರ್ಶನಕ್ಕೆ ಮಾತ್ರ ಎಲ್ಲರಿಗೂ ಉಚಿತ ಪ್ರವೇಶ.

ಜಿನೀವಾಕ್ಕೆ ಹೋಗುವುದು ಎಲ್ಲರ ಕೈಗೆಟುಕದು. ಆದರೆ ಸೆರ್ನ್ 2013ರಲ್ಲಿ ಮೊದಲ ತಾಣವನ್ನು ಅದರ ಹಳೆಯ ವಿಳಾಸದಲ್ಲೇ ಮತ್ತೆ ನಿಲ್ಲಿಸಿತು. ಇನ್ಫೋ ಡಾಟ್ ಸೆರ್ನ್ ಡಾಟ್ ಸಿಎಚ್ ಎಂಬಲ್ಲಿಂದ ಆ ಪುಟಕ್ಕೆ ಹೋಗಿ ಅದರ ಮೂಲ ತೆರೆದು ನೋಡಬಹುದು. ಇಂದಿನ ಮೇಷ್ಟ್ರು ಒಪ್ಪದ ಹಳೆಯ ಬರವಣಿಗೆ ಅಲ್ಲಿದೆ. ನೆಕ್ಸ್ಟ್ ಯಂತ್ರದ ಉಪಕರಣ ತಾನಾಗಿಯೇ ಸೇರಿಸಿದ ಗುರುತೊಂದು ಕೂಡ ಹಾಗೆಯೇ ಉಳಿದಿದೆ. ಇಂದಿನ ಬ್ರೌಸರ್‌ಗಳು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಉಪಕರಣ ಹೋಯಿತು, ಬರೆದ ಮಾತು ಉಳಿಯಿತು. ಕೋರ್ಸಿಗೆ ಹಣ ಕಟ್ಟುವ ಮೊದಲು ಮಕ್ಕಳೂ ಹೆತ್ತವರೂ ಒಂದು ಸಂಜೆ ಜೊತೆಯಲ್ಲಿ ಕುಳಿತು ಅದನ್ನು ಓದಬಹುದು. ಹತ್ತು ನಿಮಿಷವೂ ಹಿಡಿಯದು.