ಎರಡು ಬೆಟ್ಟಗಳ ದ್ವೀಪ

ನಿಕರಾಗುವಾಕ್ಕೆ ಹೋಗುತ್ತೇವೆ ಎಂದು ಫೋನಿನಲ್ಲಿ ತಿಳಿಸಿದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, “ಅಲ್ಲಿ ನಮ್ಮವರು ಯಾರಿದ್ದಾರೆ?” ಯಾರೂ ಇಲ್ಲ ಎಂದೆ. “ಮತ್ತೆ ಯಾಕೆ ಹೋಗುವುದು?”

ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ ದೂರದ ಪ್ರಯಾಣವೆಂದರೆ ದುಡಿಯಲು ಗಲ್ಫಿಗೆ, ಹಜ್ಜ್-ಉಮ್ರಾಕ್ಕೆ, ಇಲ್ಲವೇ ಮದುವೆ-ಮರಣಕ್ಕೆ. ಗಂಡ ಹೆಂಡತಿ ಬೆನ್ನಿಗೊಂದು ಚೀಲ ಏರಿಸಿಕೊಂಡು, ಅಗ್ಗದ ವಸತಿಗಳಲ್ಲಿ ಮಲಗುತ್ತಾ, ಗುರುತು ಪರಿಚಯವಿಲ್ಲದ ಊರುಗಳಲ್ಲಿ ಅಲೆಯುವುದು ನಮ್ಮಲ್ಲಿ ರೂಢಿಯಿಲ್ಲ. ಆಗ ನಾವು ಹ್ಯೂಸ್ಟನ್‌ನಲ್ಲಿದ್ದೆವು. ಇವರಿಗೆ ಕಟ್ಟಡ ನಿರ್ಮಾಣದ ಕೆಲಸ. ಜೊತೆಗೆ ದುಡಿಯುವವರಲ್ಲಿ ಹೆಚ್ಚಿನವರು ಮಧ್ಯ ಅಮೆರಿಕದವರಾದ್ದರಿಂದ ಇವರಿಗೆ ಸ್ಪ್ಯಾನಿಷ್ ತಾನಾಗಿಯೇ ಬಂದಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅವರು ತಮ್ಮ ಊರಿನ ಕಡಲು, ಬೆಂಕಿ ಬೆಟ್ಟ, ಬಾಳೆತೋಟಗಳ ಸುದ್ದಿ ಹೇಳುತ್ತಿದ್ದರಂತೆ. ಕೇಳಿ ಕೇಳಿ ಇವರಿಗೆ ಆಸೆ ಹುಟ್ಟಿತು. 2016ರ ಫೆಬ್ರವರಿಯಲ್ಲಿ ಹದಿನಾರು ದಿನ ರಜೆ ಸಿಕ್ಕಿತು, ಹೊರಟೆವು.

ಭೂಪಟದಲ್ಲಿ ಮೆಕ್ಸಿಕೋ ಮತ್ತು ಕೊಲಂಬಿಯಾದ ನಡುವೆ ಸಣ್ಣ ಸಣ್ಣ ಏಳು ದೇಶಗಳಿವೆ. ಅವುಗಳಲ್ಲಿ ವಿಸ್ತಾರದಲ್ಲಿ ಎಲ್ಲಕ್ಕಿಂತ ದೊಡ್ಡದು ನಿಕರಾಗುವಾ. ಪೂರ್ವಕ್ಕೆ ಕೆರಿಬಿಯನ್ ಕಡಲು, ಪಶ್ಚಿಮಕ್ಕೆ ಪೆಸಿಫಿಕ್. ಪೆಸಿಫಿಕ್ ದಡದ ಉದ್ದಕ್ಕೂ ಜ್ವಾಲಾಮುಖಿಗಳ ಸಾಲು. ರಾಜಧಾನಿ ಮನಾಗುವಾದಲ್ಲಿ ಇಳಿದು ಗ್ರನಾಡಾಕ್ಕೆ ಹೋದೆವು. ಅಮೆರಿಕದ ಶಾಲೆಗಳಲ್ಲಿ ಓಡಿ ಮುಪ್ಪಾದ ಹಳದಿ ಬಸ್ಸುಗಳೇ ಇಲ್ಲಿ ಸಾರಿಗೆ ಬಸ್ಸುಗಳು. ಪ್ರವಾಸಿಗರು ಅವುಗಳನ್ನು ‘ಚಿಕನ್ ಬಸ್’ ಎನ್ನುತ್ತಾರೆ, ಕೋಳಿಗಳೂ ಪ್ರಯಾಣ ಮಾಡುತ್ತವೆಂದು. ನನಗಂತೂ ಹಳೆಯ ಕಾಲದ ನಮ್ಮ ಸರ್ವಿಸ್ ಬಸ್ಸಿನ ನೆನಪಾಯಿತು. ಅದೇ ನೂಕು, ಅದೇ ಗಟ್ಟಿ ಹಾಡು, ಬಾಗಿಲಲ್ಲಿ ನೇತಾಡುತ್ತಾ ಊರ ಹೆಸರು ಕೂಗುವ ಅದೇ ಹುಡುಗ.

ಅಲ್ಲಿಂದ ಸಾನ್ ಹುವಾನ್ ದೆಲ್ ಸುರ್ ಎಂಬ ಕಡಲೂರಿಗೆ. ಕುಡುಗೋಲಿನಂತೆ ಬಾಗಿದ ಕೊಲ್ಲಿ, ಎರಡೂ ತುದಿಯಲ್ಲಿ ಗುಡ್ಡ, ನಡುವೆ ಮೀನುಗಾರರ ದೋಣಿಗಳು. ಬೆನ್ನುಚೀಲದ ಪ್ರವಾಸಿಗರಿಗೆ ಈ ಊರು ಬಹಳ ಪ್ರಿಯ. ಭಾನುವಾರ ಮಧ್ಯಾಹ್ನವೇ ಶುರುವಾದ ಅವರ ಕುಡಿತ, ಕುಣಿತ ರಾತ್ರಿ ಎರಡಕ್ಕೂ ಮುಗಿಯಲಿಲ್ಲ. ನಮ್ಮ ಕೋಣೆಯ ತಗಡಿನ ಗೋಡೆ ಆ ಸದ್ದಿಗೆ ನಡುಗುತ್ತಿತ್ತು. ಬೆಳಿಗ್ಗೆ ದಡದಲ್ಲಿ ಬಾಟಲಿ ಹೆಕ್ಕುತ್ತಿದ್ದವರು ಊರಿನ ಹೆಂಗಸರು.

ಈ ಊರನ್ನು ಹೊರಗಿನವರು ಹಾದು ಹೋಗುವುದು ಇಂದು ನಿನ್ನೆಯದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಕಾಲದಲ್ಲಿ ನ್ಯೂಯಾರ್ಕಿನಿಂದ ಹೊರಟವರು ಹಡಗಿನಲ್ಲಿ ನಿಕರಾಗುವಾದ ಕೆರಿಬಿಯನ್ ದಡಕ್ಕೆ ಬಂದು, ಸಾನ್ ಹುವಾನ್ ನದಿಯನ್ನು ಏರಿ, ದೊಡ್ಡ ಸರೋವರ ದಾಟಿ, ಕೊನೆಯ ಹನ್ನೆರಡು ಮೈಲಿಯನ್ನು ಕುದುರೆ, ಹೇಸರಗತ್ತೆ, ಗಾಡಿಗಳಲ್ಲಿ ಕ್ರಮಿಸಿ ಇಲ್ಲಿ ಮತ್ತೆ ಹಡಗು ಹತ್ತುತ್ತಿದ್ದರು. 1851ರಲ್ಲಿ ಈ ದಾರಿಯನ್ನು ನಡೆಸಿದವನು ಅಮೆರಿಕದ ಶ್ರೀಮಂತ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್. ಸಾಹಿತಿ ಮಾರ್ಕ್ ಟ್ವೇನ್ ಕೂಡ 1866ರ ಕೊನೆಯಲ್ಲಿ ಇದೇ ದಾರಿಯಲ್ಲಿ ಹಾದು ಹೋಗಿದ್ದಾರೆ.

ಬೀದಿಯಲ್ಲಿ ಅಲ್ಲಲ್ಲಿ ಗುಡ್ಡದ ಕಡೆಗೆ ಬಾಣದ ಗುರುತು. ವಿಚಾರಿಸಿದಾಗ ಸುನಾಮಿ ಬಂದರೆ ಓಡುವ ದಾರಿ ಎಂದರು. 1992ರ ಸೆಪ್ಟೆಂಬರ್ 1ರ ರಾತ್ರಿ ಕಡಲಿನಡಿ ಭೂಮಿ ನಡುಗಿತು. ವಿಚಿತ್ರವೆಂದರೆ ದಡದಲ್ಲಿದ್ದವರಿಗೆ ಅದು ಸಣ್ಣ ಅಲುಗಾಟದಂತೆ ಮಾತ್ರ ಕಂಡಿತು, ಕೆಲವರಿಗೆ ಏನೂ ತಿಳಿಯಲೇ ಇಲ್ಲ. ಭೂಮಿ ನಿಧಾನವಾಗಿ ಸರಿದರೆ ಹೀಗಾಗುತ್ತದಂತೆ. ಮುಕ್ಕಾಲು ಗಂಟೆಯ ನಂತರ ಅಲೆ ಬಂತು. ಪೆಸಿಫಿಕ್ ದಡದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಮಂದಿ ಮಲಗಿದ್ದ ಮಕ್ಕಳು. ನಾವು ಇಳಿದುಕೊಂಡಿದ್ದ ಮನೆಯ ಕೆಲಸದಾಕೆ ಇದನ್ನು ಹೇಳುತ್ತಲೇ ಹಾಸಿಗೆಯ ಹೊದಿಕೆ ಕೊಡವುತ್ತಿದ್ದಳು.

ಅಲ್ಲಿ ಎರಡು ರಾತ್ರಿ ಸಾಕೆನಿಸಿತು. ರಿವಾಸ್ ಎಂಬ ಪೇಟೆಗೆ ಬಂದು ಸಾನ್ ಹೋರ್ಹೆ ಬಂದರಿನಲ್ಲಿ ಫೆರಿಗಾಗಿ ಕಾದೆವು.

ಇಲ್ಲಿ ಆ ಸರೋವರದ ಬಗ್ಗೆ ಒಂದು ಮಾತು ಹೇಳಬೇಕು. ಅದರ ವಿಸ್ತಾರ 8,200 ಚದರ ಕಿಲೋಮೀಟರಿಗಿಂತ ಹೆಚ್ಚು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳನ್ನು ಜೋಡಿಸಿದರೆ ಎಷ್ಟೋ, ಹೆಚ್ಚು ಕಡಿಮೆ ಅಷ್ಟು. ಸಿಹಿ ನೀರು, ಆದರೂ ಅದರಲ್ಲಿ ಶಾರ್ಕ್ ಮೀನುಗಳಿವೆ. ಕೆರಿಬಿಯನ್ ಕಡಲಿನಿಂದ ನದಿಯನ್ನೇರಿ ಬರುತ್ತವೆ. ಈ ನೀರಿನ ನಡುವೆ ಎರಡು ಜ್ವಾಲಾಮುಖಿಗಳು ಎದ್ದು, ಉಗುಳಿದ ಲಾವಾ ಮತ್ತು ಬೂದಿ ಸೇರಿ ಉಂಟಾದ ನೆಲವೇ ಒಮೆತೆಪೆ ದ್ವೀಪ. ಹಳೆಯ ನಾಹುವಾಟ್ಲ್ ಭಾಷೆಯಲ್ಲಿ ‘ಒಮೆ’ ಎಂದರೆ ಎರಡು, ‘ತೆಪೆ’ ಎಂದರೆ ಬೆಟ್ಟ. ಉತ್ತರದ ಕೊನ್ಸೆಪ್ಸಿಯೋನ್ 1,610 ಮೀಟರ್ ಎತ್ತರ, ಈಗಲೂ ಜೀವಂತ. ದಕ್ಷಿಣದ ಮದೆರಾಸ್ 1,394 ಮೀಟರ್, ಉರಿಯುವುದನ್ನು ನಿಲ್ಲಿಸಿದೆ, ತಲೆಯ ಮೇಲೊಂದು ಕೆರೆ ಹೊತ್ತಿದೆ. ಎರಡನ್ನೂ ಸೇರಿಸುವುದು ತಗ್ಗಾದ ಒಂದು ಪಟ್ಟಿ ನೆಲ.

ಫೆಬ್ರವರಿಯಲ್ಲಿ ಅಲ್ಲಿ ಬೇಸಿಗೆ, ಗಾಳಿ ಜೋರು. ಗಾಳಿ ಮಿತಿ ಮೀರಿದರೆ ಫೆರಿ ಬಿಡುವುದಿಲ್ಲ. ನಾವು ಹತ್ತಿದ ಫೆರಿ ಒಂದು ಗಂಟೆಯ ದಾರಿಯುದ್ದಕ್ಕೂ ಹೊಯ್ದಾಡಿತು. ನನ್ನ ಪಕ್ಕದಲ್ಲಿದ್ದ ಹುಡುಗಿ ನನ್ನ ತಲೆವಸ್ತ್ರವನ್ನೇ ನೋಡುತ್ತಾ ತಾಯಿಯ ಕಿವಿಯಲ್ಲೇನೋ ಕೇಳಿದಳು. ಇವರು ನಕ್ಕರು. “ನೀನು ಕ್ರೈಸ್ತ ಸನ್ಯಾಸಿನಿಯಾ ಅಂತ ಕೇಳುತ್ತಿದ್ದಾಳೆ. ನಾನು ಯಾರು ಅಂತ ಈಗ ಅವಳಿಗೆ ಗೊಂದಲ.”

ದ್ವೀಪದಲ್ಲಿ ನಾವು ತಂಗಿದ್ದು ಕೊನ್ಸೆಪ್ಸಿಯೋನ್ ಬುಡದ ಒಂದು ಮನೆಯಲ್ಲಿ. ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಿದ್ದರು. ಮನೆಯ ಯಜಮಾನಿಗೆ ಅರವತ್ತು ದಾಟಿತ್ತು. ಅಲ್ಲಿ ಹಿರಿಯ ಹೆಂಗಸರನ್ನು ‘ದೋನ್ಯಾ’ ಎನ್ನುತ್ತಾರೆ, ನಾವೂ ಹಾಗೆಯೇ ಕರೆದೆವು. ಹಂದಿಮಾಂಸ, ಹಂದಿಕೊಬ್ಬು ನಮಗೆ ಆಗದು ಎಂದು ಇವರು ವಿವರಿಸಿದಾಗ ದೋನ್ಯಾ ಯಾಕೆಂದು ಕೇಳಲಿಲ್ಲ. ಮಾಡಿನ ಕೆಳಗೆ ಕಟ್ಟಿಟ್ಟಿದ್ದ ಹೊಸ ಬಾಣಲೆಯೊಂದನ್ನು ಇಳಿಸಿ, “ಇದು ನಿಮ್ಮದು” ಎಂದರು. ಮೂರು ಹೊತ್ತೂ ಬಹುತೇಕ ಒಂದೇ ಊಟ: ಅನ್ನದ ಜೊತೆ ಸಣ್ಣ ಕೆಂಪು ಕಾಳು ಹುರಿದು ಬೆರೆಸಿದ ‘ಗಾಯೋ ಪಿಂತೋ’, ಮೊಟ್ಟೆ, ಎಣ್ಣೆಯಲ್ಲಿ ಕರಿದ ನೇಂದ್ರದಂಥ ಬಾಳೆಕಾಯಿ, ಕೆಲವೊಮ್ಮೆ ಸರೋವರದ ಮೀನು. ಬಾಳೆಕಾಯಿಯನ್ನು ಅವರು ಒಮ್ಮೆ ಕರಿದು, ಜಜ್ಜಿ ಚಪ್ಪಟೆ ಮಾಡಿ ಮತ್ತೊಮ್ಮೆ ಕರಿಯುತ್ತಾರೆ. ಊರಿಗೆ ಬಂದ ಮೇಲೆ ನಾನೂ ಮಾಡಿ ನೋಡಿದೆ, ಮಕ್ಕಳಿಗೆ ತುಂಬಾ ಹಿಡಿಸಿತು.

ಮೂರನೆಯ ದಿನ ಮಾರ್ಗದರ್ಶಕನೊಬ್ಬನ ಜೊತೆ ಬೆಟ್ಟ ಹತ್ತಿದೆವು. ಬಾಳೆತೋಟ, ಆಮೇಲೆ ಕಾಡು, ಆಮೇಲೆ ಮರಗಳೇ ಇಲ್ಲದ ಬೋಳು ಇಳಿಜಾರು. ಕಾಲಿಟ್ಟಲ್ಲೆಲ್ಲ ಸಡಿಲ ಕಲ್ಲು. ಗಾಳಿ ಎಳೆದು ಬೀಳಿಸುವಂತಿತ್ತು. ಮರಗಳು ಮುಗಿಯುವಲ್ಲಿ ನಾವು ನಿಂತೆವು, ತುದಿಗೆ ಹೋಗಲಿಲ್ಲ. ಅಲ್ಲಿಂದ ಕಂಡ ನೀರು, ದೂರದ ದಡ, ಅದರಾಚೆ ಪೆಸಿಫಿಕ್ಕಿನ ಒಂದು ಗೆರೆ - ಅಲ್ಲಾಹನ ಸೃಷ್ಟಿಯ ಮುಂದೆ ಮಾತು ಹೊರಡದ ಕ್ಷಣ ಅದು.

ಸಂಜೆ ಜಗಲಿಯಲ್ಲಿ ಕುಳಿತಾಗ, “ಈ ಬೆಟ್ಟದ ಕೆಳಗೆ ಹೇಗೆ ನಿದ್ರೆ ಬರುತ್ತದೆ ನಿಮಗೆ?” ಎಂದು ಕೇಳಿದೆ. ದೋನ್ಯಾ ನಕ್ಕರು. 1957ರಲ್ಲಿ ಅದು ದೊಡ್ಡದಾಗಿ ಉಗುಳಿದಾಗ ಅವರು ತೊಟ್ಟಿಲ ಮಗು. ದ್ವೀಪ ಖಾಲಿ ಮಾಡಿ ಎಂದು ಸರಕಾರ ಆಜ್ಞೆ ಮಾಡಿತಂತೆ. ಒಬ್ಬರೂ ಹೋಗಲಿಲ್ಲ ಎಂದು ದ್ವೀಪದಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. 2010ರಲ್ಲಿ ಬೂದಿ ಬಿದ್ದಾಗ ಒಣಗಲು ಹಾಕಿದ ಬಟ್ಟೆಯನ್ನೆಲ್ಲ ಎರಡೆರಡು ಸಲ ಒಗೆಯಬೇಕಾಯಿತು ಎಂಬುದೇ ಅವರ ದೂರು. ಹಾಗೆಂದು ಬೆಟ್ಟ ನಿರುಪದ್ರವಿಯೇನಲ್ಲ. 1996ರಲ್ಲಿ ಮಳೆಗೆ ಮದೆರಾಸ್‌ನ ಮಣ್ಣು ಜರಿದು ಕೆಸರಿನ ಹೊಳೆಯಾಗಿ ಹರಿದು ಆರು ಜನ ಸತ್ತಿದ್ದರು. ಅದನ್ನು ಹೇಳುವಾಗ ಮಾತ್ರ ದೋನ್ಯಾ ಎದೆಯ ಮೇಲೆ ಕೈಯಿಟ್ಟುಕೊಂಡರು. “ಆದರೂ ಬೆಟ್ಟ ಹಾಳು ಮಾಡಿದ್ದನ್ನು ಬೆಟ್ಟವೇ ಕೊಡುತ್ತದೆ. ಈ ಬಾಳೆ ನೋಡು, ಬೂದಿಯ ಮಣ್ಣಿನಲ್ಲಿ ಬೆಳೆದದ್ದು. ನನಗೆ ಭಯ ಕಾಲುವೆಯದು.”

ಕಾಲುವೆಯ ಕಥೆ ಆಗ ಆ ದೇಶದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಪನಾಮಾ ಕಾಲುವೆಗೆ ಪೈಪೋಟಿಯಾಗಿ ಎರಡು ಸಾಗರಗಳನ್ನು ಸೇರಿಸುವ ಕಾಲುವೆಯ ಹಕ್ಕನ್ನು ನಿಕರಾಗುವಾದ ಸಂಸತ್ತು 2013ರ ಜೂನ್‌ನಲ್ಲಿ ಚೀನಾದ ಉದ್ಯಮಿ ವಾಂಗ್ ಜಿಂಗ್ ಅವರ ಕಂಪನಿಗೆ ಕೊಟ್ಟಿತು. ಐವತ್ತು ವರ್ಷಕ್ಕೆ, ಬೇಕಾದರೆ ಮತ್ತೆ ಐವತ್ತಕ್ಕೆ. ಸುಮಾರು 278 ಕಿಲೋಮೀಟರ್ ಉದ್ದ, ಅದರಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಈ ಸರೋವರದ ಒಳಗೆ, ಒಮೆತೆಪೆಯ ದಕ್ಷಿಣಕ್ಕೆ. ಸರೋವರದ ಸರಾಸರಿ ಆಳ ಹದಿಮೂರು ಮೀಟರಿನಷ್ಟು. ಭಾರೀ ಹಡಗುಗಳಿಗೆ ಅದರ ಎರಡು ಪಟ್ಟು ಬೇಕು. ಅಂದರೆ ತಳವನ್ನು ಅಗೆಯಬೇಕು, ಕುಡಿಯುವ ನೀರನ್ನು ಕಲಕಬೇಕು. 2014ರ ಡಿಸೆಂಬರ್‌ನಲ್ಲಿ ಕೆಲಸ ಆರಂಭವೆಂದು ಸಮಾರಂಭವೂ ಆಯಿತು. ರೈತರು ಮೆರವಣಿಗೆಯ ಮೇಲೆ ಮೆರವಣಿಗೆ ಮಾಡಿದರು.

ದೋನ್ಯಾರ ಅಣ್ಣನ ಮನೆ ರಿವಾಸ್ ಕಡೆಯ ದಡದಲ್ಲಿ, ಕಾಲುವೆಯ ದಾರಿಯಲ್ಲಿ. ಪೊಲೀಸರ ಕಾವಲಿನಲ್ಲಿ ಬಂದವರು ಮನೆಯ ಅಳತೆ ತೆಗೆದು, ಮರ, ದನ ಎಲ್ಲವನ್ನೂ ಎಣಿಸಿ ಬರೆದುಕೊಂಡು ಹೋಗಿದ್ದರು. ಸರಕಾರಿ ದಾಖಲೆಯಲ್ಲಿ ಬರೆದ ಬೆಲೆಯಷ್ಟೇ ಪರಿಹಾರ ಎಂದು ಸುದ್ದಿ. “ಆಮೇಲೆ ಅಣ್ಣ ಒಂದು ಗಿಡ ನೆಟ್ಟಿಲ್ಲ. ಯಾರಿಗಾಗಿ ನೆಡಲಿ ಅನ್ನುತ್ತಾನೆ” ಎಂದರು ದೋನ್ಯಾ.

ಇವರು ಸಾಲು ಸಾಲಾಗಿ ಅನುವಾದಿಸುತ್ತಿದ್ದಾಗ ನನಗೆ ಉಮ್ಮನ ಮನೆ ನೆನಪಾಯಿತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಮಂಗಳೂರಿನ ಹೊರವಲಯದ ಆ ಮನೆ, ತೋಟ ಒಂದು ದೊಡ್ಡ ಯೋಜನೆಯ ಪಾಲಾಯಿತು. ಕಾಗದ ಹಿಡಿದುಕೊಂಡು ಬಂದವರು ಹೀಗೆಯೇ ಮರ ಎಣಿಸಿದ್ದರು. ನಲವತ್ತೆರಡು ತೆಂಗು, ಆರು ಹಲಸು, ಮೂರು ಮಾವು. ಅದರಲ್ಲೊಂದು ಮಾವನ್ನು ಉಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಉಮ್ಮನಿಗೆ ಮೊಮ್ಮಕ್ಕಳ ಹುಟ್ಟಿದ ದಿನ ಮರೆತು ಹೋಗುತ್ತದೆ, ಈ ಲೆಕ್ಕ ಮರೆತಿಲ್ಲ. ಇದನ್ನು ಇವರ ಮೂಲಕ ಹೇಳಿಸಿದೆ. ದೋನ್ಯಾ ತುಸು ಹೊತ್ತು ಸುಮ್ಮನಿದ್ದು, “ಬಾವಿ ಇತ್ತಾ? ಬಾವಿಗೆ ಎಷ್ಟು ಕೊಟ್ಟರು?” ಎಂದು ಕೇಳಿದರು. ಬಾವಿಯನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಷ್ಟು ವರ್ಷಗಳಲ್ಲಿ ಸಂಬಂಧಿಕರಾಗಲಿ ವಕೀಲರಾಗಲಿ ಈ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ನಾವು ಒಂದು ವಾರ ಅಲ್ಲಿದ್ದೆವು. ಹೊರಡುವಾಗ ದೋನ್ಯಾರ ಕಿರಿಯ ಮಗಳು ಇವರ ಫೋನ್ ನಂಬರು ಬರೆದುಕೊಂಡಳು. ಅದರಿಂದಾಗಿ ಮುಂದಿನದೆಲ್ಲ ನಮಗೆ ತಿಳಿಯುತ್ತಾ ಬಂತು. 2018ರ ಏಪ್ರಿಲ್‌ನಲ್ಲಿ ಪಿಂಚಣಿ ಬದಲಾವಣೆಯ ವಿರುದ್ಧ ಪ್ರತಿಭಟನೆ ಎದ್ದಿತು. ಸರಕಾರ ಅದನ್ನು ತುಳಿದ ರೀತಿಗೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಪ್ರವಾಸಿಗರು ನಿಂತರು, ದೋನ್ಯಾರ ಕೋಣೆಗಳು ಬರಿದಾದವು. ಮಗ ಸಾವಿರಾರು ಜನರಂತೆ ಗಡಿ ದಾಟಿ ಕೋಸ್ಟರಿಕಾಕ್ಕೆ ಹೋದ. ಈಗ ಅಲ್ಲಿ ಕಟ್ಟಡ ಕೆಲಸ, ತಿಂಗಳಿಗೊಮ್ಮೆ ಮನೆಗೆ ಹಣ. 2023ರಲ್ಲಿ ಹೊರಗಿರುವ ಮಕ್ಕಳು ನಿಕರಾಗುವಾಕ್ಕೆ ಕಳಿಸಿದ ಹಣ 400 ಕೋಟಿ ಡಾಲರ್‌ಗೂ ಹೆಚ್ಚು. ಇದರ ಅರ್ಥವನ್ನು ಗಲ್ಫ್ ಕಂಡ ನಮ್ಮ ಮನೆಗಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲುವೆ ಆಗಲಿಲ್ಲ. ಉದ್ಯಮಿಯ ಸಂಪತ್ತು ಷೇರು ಪೇಟೆಯಲ್ಲಿ ಕರಗಿತು, ಅಗೆತ ನಡೆಯಲೇ ಇಲ್ಲ. 2024ರ ಮೇ ತಿಂಗಳಲ್ಲಿ ಸಂಸತ್ತು ಆ ಹಕ್ಕನ್ನು ರದ್ದು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಅಧ್ಯಕ್ಷ ಒರ್ತೇಗಾ ಬೇರೊಂದು ದಾರಿಯ ಭೂಪಟ ತೋರಿಸಿದರು. ಅದು ಒಮೆತೆಪೆಯ ಸರೋವರ ಬಿಟ್ಟು ಉತ್ತರಕ್ಕೆ, ಮನಾಗುವಾ ಪಕ್ಕದ ಸರೋವರದ ಮೂಲಕ ಹಾಯುತ್ತದೆ. ಅಲ್ಲಿ ಯಾರ ಮರಗಳನ್ನು ಎಣಿಸುತ್ತಾರೋ.

ಹಕ್ಕು ರದ್ದಾದ ಸುದ್ದಿ ಓದಿ ಇವರು ದೋನ್ಯಾರ ಮಗಳಿಗೆ ಸಂದೇಶ ಕಳಿಸಿದ್ದರು. ಎರಡು ದಿನ ಬಿಟ್ಟು ಉತ್ತರ ಬಂತು. ಅಮ್ಮನಿಗೆ ಮಂಡಿ ನೋವು, ಉಳಿದಂತೆ ಎಲ್ಲರೂ ಕ್ಷೇಮ, ಮಾವ ಮನೆಯ ಹಿಂದೆ ನಾಲ್ಕು ಮಾವಿನ ಗಿಡ ನೆಟ್ಟಿದ್ದಾರೆ. ಆ ವಾರ ಊರಿಗೆ ಫೋನ್ ಮಾಡಿದಾಗ ಉಮ್ಮನಿಗೆ ಇದನ್ನು ಓದಿ ಹೇಳಿದೆ. ಉಮ್ಮ ತಡಮಾಡದೆ ಅಂದರು, “ಯಾವ ಜಾತಿಯ ಮಾವು ಅಂತ ಕೇಳು.”